ಅಮೆರಿಕ ಮತ್ತು ಅದರ ಮಿತ್ರ ದೇಶಗಳ ತಲೆನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿಯಲ್ಲಿ ನ್ಯಾಟೋ ಸುದ್ದಿ ಬಂದಾಗಲೆಲ್ಲ ಅದೇ ಒಂದು ಮಾತು. ಅಮೆರಿಕ ದುಡ್ಡು ಸುರಿಯುತ್ತದೆ, ಯುರೋಪ್ ಹಾಯಾಗಿ ಕೂತಿದೆ. ಇದರಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಆದರೆ ಇಡೀ ಜಗಳವನ್ನು ದುಡ್ಡಿನ ಜಗಳ ಅಂತಷ್ಟೇ ನೋಡಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ದುಡ್ಡು ಹೇಗೋ ಹುಟ್ಟುತ್ತದೆ. ಆ ದುಡ್ಡಿನಿಂದ ಗುಂಡು, ಹಡಗು, ಸೈನಿಕರು ಹುಟ್ಟಬೇಕಲ್ಲ, ಎಲ್ಲರೂ ಒದ್ದಾಡುತ್ತಿರುವುದು ಅಲ್ಲಿ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇವೆ.

ಅಮೆರಿಕದ ‘ಮಿತ್ರರು’ ಅಂದರೆ ಯಾರ್ಯಾರು?

ರಕ್ಷಣೆಗೆ ಲಿಖಿತ ಒಪ್ಪಂದ ಇರುವವರು. ಅದರಲ್ಲಿ ದೊಡ್ಡದು ನ್ಯಾಟೋ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿ ಶುರು ಮಾಡಿದ ಕೂಟ ಇದು. ಈಗ 32 ದೇಶಗಳಿವೆ. ಕೊನೆಗೆ ಬಂದು ಸೇರಿದ್ದು ಫಿನ್ಲೆಂಡ್ (2023) ಮತ್ತು ಸ್ವೀಡನ್ (2024). ಇಬ್ಬರೂ ದಶಕಗಳ ಕಾಲ ಯಾವ ಬಣವೂ ಬೇಡ ಅಂತ ಕೂತಿದ್ದವರು. ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಮೇಲೆ ಮನಸ್ಸು ಬದಲಾಯಿಸಿದರು.

ಏಷ್ಯಾ ಕಡೆ ಇಂಥ ಒಂದೇ ಕೂಟ ಇಲ್ಲ. ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಜೊತೆ ಅಮೆರಿಕ ಬೇರೆ ಬೇರೆಯಾಗಿ ಒಪ್ಪಂದ ಮಾಡಿಕೊಂಡಿದೆ. ಹಾಗಾಗಿ ಜಪಾನ್ ಮೇಲೆ ದಾಳಿಯಾದರೆ ಅಮೆರಿಕ ಬರಬೇಕು, ಆದರೆ ಕೊರಿಯಾ ಬರಬೇಕು ಅಂತೇನಿಲ್ಲ.

ಇನ್ನೊಂದು ಪಟ್ಟಿ ಇದೆ, ‘ನ್ಯಾಟೋ ಹೊರಗಿನ ಪ್ರಮುಖ ಮಿತ್ರ’ ಅಂತ. ಶಸ್ತ್ರ ಕೊಳ್ಳಲು ಒಂದಿಷ್ಟು ಅನುಕೂಲ ಸಿಗುತ್ತದೆ, ರಕ್ಷಣೆಯ ಭರವಸೆ ಇರುವುದಿಲ್ಲ. 2004ರಲ್ಲಿ ಪಾಕಿಸ್ತಾನಕ್ಕೂ ಈ ಪಟ್ಟ ಸಿಕ್ಕಿತ್ತು. ಇಷ್ಟು ಹೇಳಿದರೆ ಅದರ ತೂಕ ಎಷ್ಟು ಅಂತ ನಮ್ಮವರಿಗೆ ಗೊತ್ತಾಗುತ್ತದೆ.

ಶೇ 2, ಶೇ 5 ಅಂತಾರಲ್ಲ, ಆ ದುಡ್ಡನ್ನು ಯುರೋಪಿನವರು ಅಮೆರಿಕಕ್ಕೆ ಕಟ್ಟಬೇಕಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಅಪಾರ್ಟ್‌ಮೆಂಟಿನ ತಿಂಗಳ ಮೇಂಟೆನೆನ್ಸ್ ಥರದ ಒಂದು ಸಣ್ಣ ನಿಧಿ ನ್ಯಾಟೋಗೂ ಇದೆ. ಬ್ರಸೆಲ್ಸ್‌ನ ಕಚೇರಿ, ಸಿಬ್ಬಂದಿ, ಕಮಾಂಡ್ ವ್ಯವಸ್ಥೆಗೆ ಅಂತ. 2025ರಲ್ಲಿ ಅದು ಸುಮಾರು 460 ಕೋಟಿ ಯೂರೋ. ಅದರಲ್ಲಿ ಅಮೆರಿಕ ಮತ್ತು ಜರ್ಮನಿ ಹೆಚ್ಚುಕಡಿಮೆ ಸಮಸಮ ಹಾಕಿದವು, ತಲಾ ಶೇ 16ರಷ್ಟು. ಇದರ ಬಗ್ಗೆ ಜಗಳವೇ ಇಲ್ಲ.

ಜಗಳ ಇರುವುದು ಪ್ರತಿ ದೇಶ ತನ್ನ ಸ್ವಂತ ಸೇನೆಗೆ ಮಾಡುವ ಖರ್ಚಿನ ಬಗ್ಗೆ. 2014ರಲ್ಲಿ ವೇಲ್ಸ್‌ನಲ್ಲಿ ಸೇರಿದಾಗ, ಹತ್ತು ವರ್ಷದೊಳಗೆ ಜಿಡಿಪಿಯ ಶೇ 2ರಷ್ಟನ್ನು ಸೇನೆಗೆ ಇಡುವ ಕಡೆ ಸಾಗುತ್ತೇವೆ ಅಂತ ಎಲ್ಲರೂ ಒಪ್ಪಿದರು. ಆಗ ಆ ಗೆರೆ ದಾಟಿದ್ದು ಮೂರೇ ದೇಶ: ಅಮೆರಿಕ, ಬ್ರಿಟನ್, ಗ್ರೀಸ್. ಗ್ರೀಸ್ ದಾಟಿದ್ದು ಪಕ್ಕದ ಟರ್ಕಿಯ ಭಯಕ್ಕೆ. ಟರ್ಕಿಯೂ ನ್ಯಾಟೋ ಸದಸ್ಯನೇ, ಅದು ಬೇರೆ ಕಥೆ.

2025ರ ಹೊತ್ತಿಗೆ ಎಲ್ಲರೂ ಶೇ 2 ಮುಟ್ಟುವ ಅಂದಾಜು ಬಂತು. ಅಷ್ಟರಲ್ಲಿ ಗೆರೆಯೇ ಮೇಲೆ ಹೋಗಿತ್ತು. ಆ ವರ್ಷದ ಜೂನ್‌ನಲ್ಲಿ ಹೇಗ್ ಸಭೆಯಲ್ಲಿ 2035ರೊಳಗೆ ಶೇ 5 ಅಂತ ತೀರ್ಮಾನ ಆಯಿತು. ಅದರಲ್ಲಿ ಶೇ 3.5 ನೇರ ಸೇನಾ ಖರ್ಚು. ಉಳಿದ ಶೇ 1.5 ರಸ್ತೆ, ಸೇತುವೆ, ಬಂದರು, ಸೈಬರ್ ರಕ್ಷಣೆ ಇತ್ಯಾದಿ. ಈ ‘ಇತ್ಯಾದಿ’ ತುಂಬ ದೊಡ್ಡದು. ಸಿಸಿಲಿ ದ್ವೀಪಕ್ಕೆ ಕಟ್ಟಬೇಕೆಂದಿರುವ ಮೆಸಿನಾ ಸೇತುವೆಯನ್ನೂ ಇದರ ಲೆಕ್ಕಕ್ಕೆ ಸೇರಿಸೋಣ ಅನ್ನುವ ಮಾತು ಇಟಲಿಯಲ್ಲಿ ಎದ್ದಿತ್ತು. ಸ್ಪೇನ್ ಪ್ರಧಾನಿ ಸ್ಯಾಂಚೆಜ್ ಮಾತ್ರ, ನಮಗೆ ಶೇ 2.1 ಸಾಕು ಅಂತ ನೇರವಾಗಿ ಹೇಳಿ ಟ್ರಂಪ್ ಸಿಟ್ಟಿಗೆ ಗುರಿಯಾದರು.

ಈ ಜಗಳ ಶುರು ಮಾಡಿದ್ದು ಟ್ರಂಪ್ ಅಲ್ವಾ?

ಅಲ್ಲ. ನ್ಯಾಟೋ ಎಷ್ಟು ಹಳೆಯದೋ ಜಗಳವೂ ಅಷ್ಟೇ ಹಳೆಯದು. ನ್ಯಾಟೋದ ಮೊದಲ ಸೇನಾ ದಂಡನಾಯಕ ಐಸೆನ್‌ಹೋವರ್. ಹತ್ತು ವರ್ಷದಲ್ಲಿ ಅಮೆರಿಕದ ಸೈನಿಕರು ಯುರೋಪಿನಿಂದ ವಾಪಸ್ ಬರದಿದ್ದರೆ ಈ ಯೋಜನೆ ಸೋತಂತೆ ಅಂತ ಅವರು 1951ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. 1971ರಲ್ಲಿ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಯುರೋಪಿನಲ್ಲಿರುವ ಸೈನಿಕರ ಸಂಖ್ಯೆಯನ್ನು ಅರ್ಧ ಮಾಡಬೇಕು ಅಂತ ತಿದ್ದುಪಡಿ ತಂದರು. 61-36 ಮತಗಳಿಂದ ಅದು ಬಿತ್ತು. 36 ಸೆನೆಟರ್‌ಗಳು ಶೀತಲ ಸಮರದ ನಟ್ಟನಡುವೆಯೇ ಅದಕ್ಕೆ ಕೈ ಎತ್ತಿದ್ದರು ಅನ್ನುವುದನ್ನು ಮರೆಯಬಾರದು. ಒಬಾಮಾ ಕಾಲದಲ್ಲೂ ಇದೇ ದೂರು ಇತ್ತು.

ಟ್ರಂಪ್ ಬದಲಾಯಿಸಿದ್ದು ದೂರಿನ ಧಾಟಿಯನ್ನು. ಹಿಂದಿನವರು ‘ನೀವೂ ಒಂದಿಷ್ಟು ಹಾಕಿ’ ಅನ್ನುತ್ತಿದ್ದರು. ಟ್ರಂಪ್ ‘ಹಾಕದಿದ್ದರೆ ನಾವು ಬರಲ್ಲ’ ಅನ್ನುತ್ತಾರೆ. ಗದರಿಸಿದ್ದಕ್ಕೆ ಖರ್ಚು ಏರಿತು ಅನ್ನುವವರಿದ್ದಾರೆ. ನಮಗೆ ಅನ್ನಿಸುವಂತೆ ಪುಟಿನ್ ಪಾಲು ಅದಕ್ಕಿಂತ ಜಾಸ್ತಿ. ಪೋಲೆಂಡ್ ಜಿಡಿಪಿಯ ಶೇ 4ಕ್ಕಿಂತ ಹೆಚ್ಚು ಇಡುತ್ತಿರುವುದು ವಾಷಿಂಗ್ಟನ್ನಿನ ಮಾತಿಗಲ್ಲ, ಗಡಿಯಾಚೆ ಕಾಣುತ್ತಿರುವುದಕ್ಕೆ.

ಒಬ್ಬರ ಮೇಲೆ ದಾಳಿಯಾದರೆ ಅಮೆರಿಕ ಯುದ್ಧಕ್ಕೆ ಬಂದೇ ಬರಬೇಕಲ್ವಾ?

ಒಪ್ಪಂದದ 5ನೇ ವಿಧಿ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುತ್ತದೆ. ಆಮೇಲೆ, ಪ್ರತಿ ದೇಶ ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳಬೇಕು, ಸೇನೆ ಬಳಸುವುದೂ ಅದರಲ್ಲಿ ಒಂದು ಅನ್ನುತ್ತದೆ. ಬೇಕೆಂದೇ ಹೀಗೆ ಬರೆದದ್ದು. ಯುದ್ಧ ಘೋಷಿಸುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನದು, ಒಪ್ಪಂದವೊಂದು ತಾನಾಗಿ ದೇಶವನ್ನು ಯುದ್ಧಕ್ಕೆ ಎಳೆಯಬಾರದು ಅಂತ 1949ರಲ್ಲಿ ಅಮೆರಿಕದ ಸೆನೆಟ್ ಪಟ್ಟು ಹಿಡಿದಿತ್ತು.

ಹಾಗಾಗಿ ಈ ವಿಧಿಯ ಬಲ ಇರುವುದು ಅಕ್ಷರದಲ್ಲಲ್ಲ, ಅಮೆರಿಕ ಬರುತ್ತದೆ ಅಂತ ಎದುರಾಳಿ ನಂಬುವುದರಲ್ಲಿ. ಇಲ್ಲಿಯವರೆಗೆ ಅದನ್ನು ಬಳಸಿದ್ದು ಒಂದೇ ಸಲ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ, ಅಮೆರಿಕದ ಪರವಾಗಿ. ಆಮೇಲೆ ಅಫ್ಗಾನಿಸ್ತಾನದಲ್ಲಿ ಬ್ರಿಟನ್ 457 ಸೈನಿಕರನ್ನು ಕಳೆದುಕೊಂಡಿತು. ಕೆನಡಾ ನೂರೈವತ್ತಕ್ಕೂ ಹೆಚ್ಚು. ಅರವತ್ತು ಲಕ್ಷ ಜನ ಇರುವ ಡೆನ್ಮಾರ್ಕ್ ನಲವತ್ತಕ್ಕೂ ಹೆಚ್ಚು. ಅದೇ ಡೆನ್ಮಾರ್ಕಿನ ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂತ ಟ್ರಂಪ್ ಪಟ್ಟು ಹಿಡಿದಾಗ ಕೋಪನ್‌ಹೇಗನ್‌ನಲ್ಲಿ ಜನರಿಗೆ ಆದ ನೋವು ಬರೀ ರಾಜತಾಂತ್ರಿಕದ್ದಾಗಿರಲಿಲ್ಲ. ಇನ್ನೂ ವಿಚಿತ್ರ ಅಂದರೆ, 1951ರ ಒಪ್ಪಂದದ ಪ್ರಕಾರ ಗ್ರೀನ್‌ಲ್ಯಾಂಡಿನಲ್ಲಿ ಅಮೆರಿಕದ ಸೇನಾ ನೆಲೆ ಆಗಲೇ ಇದೆ. ಪಿಟುಫಿಕ್ ಅಂತ.

ಅಮೆರಿಕಕ್ಕೇನು ದುಡ್ಡಿಗೆ ಬರವಾ?

ಸಾಲದ ಹೊರೆ. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಾಲ 37 ಲಕ್ಷ ಕೋಟಿ ಡಾಲರ್ ದಾಟಿತು. 2024ರ ಹಣಕಾಸು ವರ್ಷದಲ್ಲಿ ಬಡ್ಡಿಗೆ ಹೋದ ದುಡ್ಡು ಸೇನೆಗೆ ಹೋದ ದುಡ್ಡನ್ನೂ ಮೀರಿತು. ಇದರ ಜೊತೆಗೆ ವಯಸ್ಸಾದವರ ಪಿಂಚಣಿ ಮತ್ತು ವೈದ್ಯಕೀಯ ಖರ್ಚು ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರುತ್ತಿದೆ. ಅದಕ್ಕೆ ಕೈ ಹಾಕುವ ಧೈರ್ಯ ಎರಡೂ ಪಕ್ಷಗಳಿಗೆ ಇಲ್ಲ. ತೆರಿಗೆ ಏರಿಸುವ ಮನಸ್ಸೂ ಇಲ್ಲ.

ಯುರೋಪಿನದೂ ಇದೇ ಪಾಡು. ವ್ಯತ್ಯಾಸ ಅಂದರೆ ಜರ್ಮನಿ. ಮಿತಿ ಮೀರಿ ಸಾಲ ಮಾಡಬಾರದು ಅಂತ ಸಂವಿಧಾನದಲ್ಲೇ ಬರೆದುಕೊಂಡಿದ್ದ ದೇಶ ಅದು. 2025ರ ಮಾರ್ಚ್‌ನಲ್ಲಿ ಆ ಸಂವಿಧಾನವನ್ನೇ ತಿದ್ದಿ, ಜಿಡಿಪಿಯ ಶೇ 1ಕ್ಕಿಂತ ಹೆಚ್ಚಿನ ರಕ್ಷಣಾ ಖರ್ಚಿಗೆ ಸಾಲದ ಮಿತಿ ಇಲ್ಲ ಅಂತ ಮಾಡಿದರು. ಜರ್ಮನ್ನರು ಸಾಲಕ್ಕೆ ಎಷ್ಟು ಅಂಜುತ್ತಾರೆ ಅಂತ ಗೊತ್ತಿದ್ದವರಿಗೆ ಇದು ಎಂಥ ಬದಲಾವಣೆ ಅಂತ ಬಿಡಿಸಿ ಹೇಳಬೇಕಿಲ್ಲ. ಫ್ರಾನ್ಸ್, ಇಟಲಿಗೆ ಆ ದಾರಿಯೂ ಇಲ್ಲ. ಅವರ ಸಾಲ ಆಗಲೇ ಜಿಡಿಪಿಗಿಂತ ಜಾಸ್ತಿ.

ಸರಿ, ದುಡ್ಡು ಹೊಂದಿಸಿದರು ಅಂತಿಟ್ಟುಕೊಳ್ಳಿ. ಆಮೇಲೆ ಸಮಸ್ಯೆ ಮುಗೀತಲ್ಲ?

ಅಸಲಿ ಸಮಸ್ಯೆ ಅಲ್ಲಿಂದ ಶುರು. ಒಂದು ಫಿರಂಗಿ ಗುಂಡನ್ನೇ ತೆಗೆದುಕೊಳ್ಳಿ.

155 ಮಿಲಿಮೀಟರ್ ಗುಂಡು ನ್ಯಾಟೋ ದೇಶಗಳ ಫಿರಂಗಿಗಳಿಗೆ ದಿನಬಳಕೆಯ ಸಾಮಾನು. ತೂಕ 45 ಕಿಲೋ ಹತ್ತಿರ. ಇದರಲ್ಲಿ ಕಂಪ್ಯೂಟರ್ ಇಲ್ಲ, ಮ್ಯಾಜಿಕ್ ಇಲ್ಲ. ಉಕ್ಕಿನ ಪೊಳ್ಳು ಚಿಪ್ಪು, ಒಳಗೆ ಸ್ಫೋಟಕ. ಅಮೆರಿಕದಲ್ಲಿ ಈ ಚಿಪ್ಪು ಮಾಡುವ ಮುಖ್ಯ ಜಾಗ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್. ಕಾರ್ಖಾನೆ ಇರುವುದು ನೂರು ವರ್ಷಕ್ಕೂ ಹಳೆಯದಾದ ಇಟ್ಟಿಗೆ ಕಟ್ಟಡಗಳಲ್ಲಿ. ಹಿಂದೆ ಅಲ್ಲಿ ರೈಲು ಎಂಜಿನ್ ರಿಪೇರಿ ಮಾಡುತ್ತಿದ್ದರು. ಉದ್ದನೆಯ ಉಕ್ಕಿನ ದಿಂಡುಗಳು ಬರುತ್ತವೆ. ಕತ್ತರಿಸುತ್ತಾರೆ. ಕುಲುಮೆಯಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸುತ್ತಾರೆ. ಕೆಂಪಗೆ ಕಾದ ತುಂಡನ್ನು ಪ್ರೆಸ್ಸಿನಲ್ಲಿ ಒತ್ತಿ, ಉದ್ದಕ್ಕೆ ಎಳೆದು ಪೊಳ್ಳು ಮಾಡುತ್ತಾರೆ. ಆಮೇಲೆ ಕಡೆತ, ತಪಾಸಣೆ, ಬಣ್ಣ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಐಯೋವಾಕ್ಕೆ ಹೋಗಬೇಕು, ಸ್ಫೋಟಕ ತುಂಬುವುದು ಅಲ್ಲಿ.

ಉಕ್ರೇನ್ ಯುದ್ಧಕ್ಕೆ ಮುಂಚೆ ಇಡೀ ಅಮೆರಿಕದ ಉತ್ಪಾದನೆ ತಿಂಗಳಿಗೆ ಸುಮಾರು 14 ಸಾವಿರ. ಯುದ್ಧದಲ್ಲಿ ಉಕ್ರೇನ್ ಒಂದರಿಂದಲೇ ದಿನಕ್ಕೆ ಸಾವಿರಾರು ಗುಂಡು ಹಾರುತ್ತಿದ್ದವು. ಅಂದರೆ ತಿಂಗಳ ಉತ್ಪಾದನೆ ಕೆಲವೇ ದಿನಕ್ಕೆ ಖಾಲಿ. ತಿಂಗಳಿಗೆ ಒಂದು ಲಕ್ಷ ಅನ್ನುವ ಗುರಿ ಇಟ್ಟರು. ಕಾಂಗ್ರೆಸ್ ಕೇಳಿದಷ್ಟು ದುಡ್ಡು ಕೊಟ್ಟಿತು. ಆದರೂ 2025ರ ಮಧ್ಯದಲ್ಲಿ ಮುಟ್ಟಿದ್ದು 40 ಸಾವಿರದ ಆಸುಪಾಸು.

ಯಾಕೆ? ಯಂತ್ರ ಆರ್ಡರ್ ಮಾಡಿದರೆ ಬರಲು ವರ್ಷಗಟ್ಟಲೆ ಕಾಯಬೇಕು. ಕಲಿತ ಕೆಲಸಗಾರರು ನಿವೃತ್ತರಾಗಿದ್ದಾರೆ. ಇದೆಲ್ಲಕ್ಕಿಂತ ದೊಡ್ಡದು, ಗುಂಡಿನೊಳಗೆ ತುಂಬುವ ಸ್ಫೋಟಕ ಟಿಎನ್‌ಟಿ. ಅಮೆರಿಕದ ನೆಲದಲ್ಲಿ 1980ರ ದಶಕದ ಬಳಿಕ ಟಿಎನ್‌ಟಿ ತಯಾರಿಯೇ ನಿಂತುಹೋಗಿತ್ತು. ಪರಿಸರ ಮಾಲಿನ್ಯದ ಕಾಟ, ಬೇಡಿಕೆಯೂ ಕಮ್ಮಿ, ಹೊರಗಿಂದ ತರಿಸಿದರೆ ಅಗ್ಗ ಅಂತ ಮುಚ್ಚಿದರು. ಈಗ ಅದು ಹೆಚ್ಚಾಗಿ ಬರುವುದು ಪೋಲೆಂಡಿನ ಬಿಡ್‌ಗೋಶ್ಚ್ ಊರಿನಿಂದ. ಅಂದರೆ ಯಾರನ್ನು ಕಾಪಾಡಬೇಕು ಅಂತ ಅಮೆರಿಕ ಹೊರಟಿದೆಯೋ ಅವರ ಹತ್ತಿರವೇ ಸ್ಫೋಟಕ ಕೇಳಬೇಕು. 2024ರಲ್ಲಿ ಕೆಂಟಕಿಯಲ್ಲಿ ಹೊಸ ಟಿಎನ್‌ಟಿ ಕಾರ್ಖಾನೆಗೆ ಗುತ್ತಿಗೆ ಕೊಟ್ಟಿದ್ದಾರೆ. ಅದು ಎದ್ದು ನಿಲ್ಲಲು ವರ್ಷಗಳು ಬೇಕು.

ಯುರೋಪ್ ಏನೂ ಕಮ್ಮಿ ಇಲ್ಲ. 2023ರ ಮಾರ್ಚ್‌ನಲ್ಲಿ, ಹನ್ನೆರಡು ತಿಂಗಳಲ್ಲಿ ಉಕ್ರೇನಿಗೆ ಹತ್ತು ಲಕ್ಷ ಗುಂಡು ಕೊಡ್ತೀವಿ ಅಂತ ಐರೋಪ್ಯ ಒಕ್ಕೂಟ ಮಾತು ಕೊಟ್ಟಿತು. ಗಡುವು ಮುಗಿದಾಗ ತಲುಪಿದ್ದು ಹತ್ತಿರ ಹತ್ತಿರ ಅರ್ಧ.

ಮೂವತ್ತು ವರ್ಷ ಎಲ್ಲರೂ ಎಫ್-35 ಥರದ ದುಬಾರಿ ವಿಮಾನದ ಹಿಂದೆ ಬಿದ್ದರು. ಗುಂಡು ಯಾರಿಗೆ ಬೇಕಿತ್ತು? ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಗೋದಾಮಿಗೆ. ಗೋದಾಮು ಖಾಲಿ ಇದ್ದರೆ ಫೋಟೋದಲ್ಲಿ ಕಾಣುವುದಿಲ್ಲ ನೋಡಿ.

ಹಾಗಾದರೆ ಮಿತ್ರ ದೇಶಗಳು ಬೇರೆ ಕಡೆ ಕೊಳ್ಳಬಹುದಲ್ಲ?

ಕೊಳ್ಳುತ್ತಿದ್ದಾರೆ. ಪೋಲೆಂಡ್ 2022ರಲ್ಲಿ ದಕ್ಷಿಣ ಕೊರಿಯಾದಿಂದ ಕೆ2 ಟ್ಯಾಂಕು, ಕೆ9 ಫಿರಂಗಿ ತರಿಸಲು ದೊಡ್ಡ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತು ಅದೇ ವರ್ಷ ಬಂದಿಳಿಯಿತು. ಉತ್ತರ ಕೊರಿಯಾ ಪಕ್ಕದಲ್ಲೇ ಇರುವುದರಿಂದ ಕೊರಿಯಾದವರು ಕಾರ್ಖಾನೆ ಯಾವತ್ತೂ ಮುಚ್ಚಿರಲಿಲ್ಲ. 2025ರಲ್ಲಿ ಡೆನ್ಮಾರ್ಕ್ ಅಮೆರಿಕದ ಪೇಟ್ರಿಯಾಟ್ ಬಿಟ್ಟು ಫ್ರಾನ್ಸ್-ಇಟಲಿಯ ಕ್ಷಿಪಣಿ ರಕ್ಷಣಾ ವ್ಯವಸ್ಥೆ ಆರಿಸಿಕೊಂಡಿತು. ಮಿತ್ರರು ಖರ್ಚು ಹೆಚ್ಚಿಸಲಿ, ಆದರೆ ನಮ್ಮ ಮಾಲನ್ನೇ ಕೊಳ್ಳಲಿ ಅಂತ ವಾಷಿಂಗ್ಟನ್ನಿಗೆ ಆಸೆ. ಹೇಳಿದ ಹೊತ್ತಿಗೆ ಮಾಲು ಕೊಡಲು ಆಗದಿದ್ದರೆ ಆ ಆಸೆ ಈಡೇರುವುದು ಹೇಗೆ?

ಆಸ್ಟ್ರೇಲಿಯಾದ ಜಲಾಂತರ್ಗಾಮಿ ಕಥೆ ಏನು?

2021ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಸೇರಿ ಆಕಸ್ ಅನ್ನುವ ಒಪ್ಪಂದ ಘೋಷಿಸಿದವು, ಆಸ್ಟ್ರೇಲಿಯಾಕ್ಕೆ ಅಣುಶಕ್ತಿಯ ಜಲಾಂತರ್ಗಾಮಿ ಸಿಗಲಿ ಅಂತ. ಅದಕ್ಕಾಗಿ ಆಸ್ಟ್ರೇಲಿಯಾ ಫ್ರಾನ್ಸ್ ಜೊತೆ ಮಾಡಿಕೊಂಡಿದ್ದ ಜಲಾಂತರ್ಗಾಮಿ ಖರೀದಿಯನ್ನು ರದ್ದು ಮಾಡಿತು. ಫ್ರಾನ್ಸಿಗೆ ಎಷ್ಟು ಸಿಟ್ಟು ಬಂತೆಂದರೆ ವಾಷಿಂಗ್ಟನ್ನಿನಿಂದ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಎರಡು ದೇಶಗಳ ಇತಿಹಾಸದಲ್ಲಿ ಹಿಂದೆಂದೂ ಹಾಗೆ ಆಗಿರಲಿಲ್ಲ.

ಈಗ ಲೆಕ್ಕ ನೋಡಿ. ಅಮೆರಿಕದ ಹಡಗುಕಟ್ಟೆಗಳು ವರ್ಷಕ್ಕೆ ಸುಮಾರು 1.2 ವರ್ಜೀನಿಯಾ ದರ್ಜೆಯ ಜಲಾಂತರ್ಗಾಮಿ ಕಟ್ಟುತ್ತಿವೆ. ಸ್ವಂತ ನೌಕಾಪಡೆಗೆ ಸಾಕಾಗಿ, ಆಸ್ಟ್ರೇಲಿಯಾಕ್ಕೂ ಕೊಡಬೇಕೆಂದರೆ ವರ್ಷಕ್ಕೆ 2.33 ಬೇಕು. ಅದಕ್ಕೇ ಅಮೆರಿಕದ ಹಡಗುಕಟ್ಟೆ ಸುಧಾರಿಸಲು ಆಸ್ಟ್ರೇಲಿಯಾ ತನ್ನ ಜೇಬಿನಿಂದ 300 ಕೋಟಿ ಅಮೆರಿಕನ್ ಡಾಲರ್ ಕೊಡಲು ಒಪ್ಪಿದೆ. ಮೊದಲ ಕಂತು 2025ರ ಫೆಬ್ರವರಿಯಲ್ಲಿ ಹೋಯಿತು. ಇಷ್ಟಾಗಿಯೂ, ಮಾರುವ ಹೊತ್ತಿನಲ್ಲಿ ಅಧಿಕಾರದಲ್ಲಿರುವ ಅಧ್ಯಕ್ಷರು ‘ಇದರಿಂದ ನಮ್ಮ ನೌಕಾಪಡೆಗೆ ತೊಂದರೆ ಇಲ್ಲ’ ಅಂತ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಹಡಗೂ ಇಲ್ಲ. ಕೊಟ್ಟ ದುಡ್ಡಿಗೂ ಗ್ಯಾರಂಟಿ ಇಲ್ಲ.

ಹಾಗಾದರೆ ಕೊರಿಯಾ, ಜಪಾನ್ ಹಡಗುಕಟ್ಟೆಗಳಲ್ಲಿ ಕಟ್ಟಿಸಬಹುದಲ್ಲ? ಜಗತ್ತಿನಲ್ಲಿ ಚೀನಾದ ನಂತರ ಅವರದೇ ದೊಡ್ಡ ಕೈ. ಆದರೆ ನೌಕಾಪಡೆಯ ಹಡಗನ್ನು ಹೊರದೇಶದಲ್ಲಿ ಕಟ್ಟಿಸಬಾರದು ಅಂತ ಅಮೆರಿಕದ ಕಾನೂನಿದೆ. ಅಧ್ಯಕ್ಷರು ಬಯಸಿದರೆ ವಿನಾಯಿತಿ ಕೊಡಬಹುದು. ಹಡಗುಕಟ್ಟೆ ಇರುವ ರಾಜ್ಯಗಳ ಸಂಸದರು ಅದಕ್ಕೆ ಸುಲಭಕ್ಕೆ ಬಿಡುವವರಲ್ಲ. ಕೊರಿಯಾದ ಹನ್ವಾ ಕಂಪನಿ 2024ರ ಕೊನೆಗೆ ಫಿಲಡೆಲ್ಫಿಯಾದ ಹಡಗುಕಟ್ಟೆಯನ್ನೇ ಕೊಂಡುಬಿಟ್ಟಿತು.

ಇದಕ್ಕೂ ಬೆಂಗಳೂರಿಗೂ ಏನಾದರೂ ಸಂಬಂಧ ಇದೆಯಾ?

ಇದೆ, ಮತ್ತು ಅದು ನೇರ ಸಂಬಂಧ. ಎಚ್‌ಎಎಲ್ ಕಟ್ಟುವ ತೇಜಸ್ ಮಾರ್ಕ್-1ಎ ವಿಮಾನಕ್ಕೆ ಎಂಜಿನ್ ಅಮೆರಿಕದ ಜಿಇ ಕಂಪನಿಯದು, ಎಫ್404. 2021ರ ಆಗಸ್ಟ್‌ನಲ್ಲಿ 99 ಎಂಜಿನ್‌ಗೆ 71.6 ಕೋಟಿ ಡಾಲರ್ ಒಪ್ಪಂದ ಆಯಿತು. ಮೊದಲ ಎಂಜಿನ್ ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಬೇಡಿಕೆ ಇಲ್ಲದೆ ವರ್ಷಗಳ ಕಾಲ ನಿಂತುಹೋಗಿದ್ದ ತಯಾರಿಕಾ ಸಾಲನ್ನು ಜಿಇ ಮತ್ತೆ ಶುರು ಮಾಡಬೇಕಾಯಿತು. ಬಿಡಿಭಾಗ ಕೊಡುವವರನ್ನು ಮತ್ತೆ ಹುಡುಕಬೇಕಾಯಿತು. ಸ್ಕ್ರಾಂಟನ್ನಿನ ಗುಂಡಿನದ್ದೂ ಇದೇ ಕಥೆ ಅಲ್ವಾ?

ವಿಳಂಬಕ್ಕೆ ಎಂಜಿನ್ ಒಂದೇ ಕಾರಣ ಅಲ್ಲ ಅನ್ನುವುದನ್ನೂ ಹೇಳಬೇಕು. ಶಸ್ತ್ರ ಜೋಡಣೆ, ಪ್ರಮಾಣೀಕರಣ ಕೂಡ ತಡವಾಗಿವೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಎಚ್‌ಎಎಲ್ ಬಗ್ಗೆ ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಯಿತು. ಇರಬೇಕಾದ 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಜಾಗದಲ್ಲಿ ಉಳಿದದ್ದು 29.

ಸೈನಿಕರು ಸಿಗುತ್ತಿದ್ದಾರಾ?

ಸುಲಭವಾಗಿ ಇಲ್ಲ. 2022ರಲ್ಲಿ ಅಮೆರಿಕದ ಭೂಸೇನೆಗೆ ಗುರಿಗಿಂತ 15 ಸಾವಿರ ಕಮ್ಮಿ ಜನ ಸೇರಿದರು. ಆಮೇಲೆ ಸುಧಾರಿಸಿದೆ. ಜಪಾನಿನ ಆತ್ಮರಕ್ಷಣಾ ಪಡೆಗೆ 2023ರಲ್ಲಿ ಬೇಕಾದವರಲ್ಲಿ ಸಿಕ್ಕಿದ್ದು ಅರ್ಧದಷ್ಟೇ. ದಕ್ಷಿಣ ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ. ಅದರಿಂದಲೂ ಉಪಯೋಗ ಇಲ್ಲ, ಯಾಕೆಂದರೆ ಮಕ್ಕಳೇ ಹುಟ್ಟುತ್ತಿಲ್ಲ. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ 0.72. ಈ ಕೊರತೆಗೆ ಯಾವ ಬಜೆಟ್ಟಿನಲ್ಲೂ ಔಷಧಿ ಇಲ್ಲ. ಜರ್ಮನಿ ಈಗ ಹದಿನೆಂಟು ತುಂಬಿದ ಹುಡುಗರಿಗೆಲ್ಲ ಪ್ರಶ್ನಾವಳಿ ಕಳಿಸಿ, ಸೇನೆಗೆ ಬರುತ್ತೀರಾ ಅಂತ ಕೇಳುವ ಕಾನೂನು ಮಾಡಿದೆ.

ಜಪಾನ್, ಕೊರಿಯಾ ಬಿಟ್ಟಿ ರಕ್ಷಣೆ ಪಡೆಯುತ್ತಿವೆ ಅನ್ನುವುದು ನಿಜವಾ?

ಬಿಟ್ಟಿ ಅಂತ ಹೇಳಲಾಗದು. ಕೊರಿಯಾದ ರಾಜಧಾನಿ ಸೋಲ್ ನಗರದ ದಕ್ಷಿಣಕ್ಕಿರುವ ಕ್ಯಾಂಪ್ ಹಂಫ್ರೀಸ್ ಅಮೆರಿಕದ ಹೊರಗೆ ಅದರ ಅತಿದೊಡ್ಡ ಸೇನಾ ನೆಲೆ. ಕಟ್ಟಲು ಆದ ಖರ್ಚು ಸುಮಾರು 1,080 ಕೋಟಿ ಡಾಲರ್. ಅದರಲ್ಲಿ ಶೇ 90ರಷ್ಟು ಕೊಟ್ಟದ್ದು ಕೊರಿಯಾ. ವರ್ಷ ವರ್ಷದ ಪಾಲು ಬೇರೆ. ಜಪಾನ್ ಕೂಡ ವರ್ಷಕ್ಕೆ ಸುಮಾರು 21,100 ಕೋಟಿ ಯೆನ್ ಕೊಡುತ್ತದೆ.

ದುಡ್ಡಿನಲ್ಲಿ ಅಳೆಯಲಾಗದ ಬೆಲೆಯೂ ಇದೆ. ಒಕಿನಾವಾ ಜಪಾನಿನ ಒಟ್ಟು ನೆಲದ ಶೇ 0.6 ಮಾತ್ರ. ಅಮೆರಿಕದ ಪಡೆಗಳಿಗೇ ಮೀಸಲಾದ ಜಾಗದಲ್ಲಿ ಶೇ 70ರಷ್ಟು ಅಲ್ಲಿದೆ. ಫುಟೆನ್ಮಾ ವಿಮಾನ ನೆಲೆ ಮನೆ, ಶಾಲೆಗಳ ನಡುವೆ ಸಿಕ್ಕಿಕೊಂಡಿದೆ. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಹನ್ನೆರಡು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದಾಗ ಇಡೀ ದ್ವೀಪ ಬೀದಿಗೆ ಇಳಿಯಿತು. ಮರುವರ್ಷ, ಫುಟೆನ್ಮಾ ನೆಲೆಯನ್ನು ವಾಪಸ್ ಕೊಡ್ತೀವಿ ಅಂತ ಒಪ್ಪಂದ ಆಯಿತು. ಬದಲಿ ಜಾಗ ಹೆನೊಕೊದಲ್ಲಿ ಸಮುದ್ರ ತುಂಬುವ ಕೆಲಸ ಇನ್ನೂ ನಡೆದಿದೆ. ಟೋಕಿಯೋ ಮತ್ತು ವಾಷಿಂಗ್ಟನ್ ಕೂತು ಮಾಡುವ ನೀತಿಯ ಸದ್ದು ಕೇಳಿಸುವುದು ಒಕಿನಾವಾದ ಮನೆಗಳ ಮೇಲೆ.

ಮಿತ್ರರ ಮೇಲೇ ಸುಂಕ ಹಾಕುವುದು ಯಾವ ನ್ಯಾಯ?

ಅಮೆರಿಕದ ವಾದ ಇಷ್ಟು: ನಮ್ಮ ಮಾರುಕಟ್ಟೆಯನ್ನು ಬಳಸಿ ಶ್ರೀಮಂತರಾದಿರಿ, ನಮ್ಮ ಕಾರ್ಖಾನೆಗಳು ಮುಚ್ಚಿದವು. ಇದರಲ್ಲಿ ಸುಳ್ಳಿಲ್ಲ. ಹಡಗುಕಟ್ಟೆಯ ಕಥೆ ಮೇಲೆ ನೋಡಿದ್ದೇವೆ. ಆದರೆ 2025ರಲ್ಲಿ ಉಕ್ಕು, ಅಲ್ಯೂಮಿನಿಯಂ ಮೇಲೆ ಶೇ 50 ಸುಂಕ ಹಾಕಿದರೆ ಹಡಗು, ಗುಂಡು ಕಟ್ಟುವವರಿಗೂ ಉಕ್ಕು ದುಬಾರಿಯಾಗುತ್ತದೆ. ಒಂದು ಇಲಾಖೆ ಕಾರ್ಖಾನೆ ಬೇಕು ಅನ್ನುತ್ತದೆ, ಇನ್ನೊಂದು ಅದರ ಕಚ್ಚಾ ಮಾಲಿನ ಬೆಲೆ ಏರಿಸುತ್ತದೆ.

ಇದಕ್ಕಿಂತ ಕಣ್ಣಿಗೆ ಹೊಡೆಯುವ ಉದಾಹರಣೆ ಜಾರ್ಜಿಯಾ ರಾಜ್ಯದ್ದು. ಸುಂಕ ಇಳಿಸಿಕೊಳ್ಳಲು ಅಮೆರಿಕದಲ್ಲಿ 35,000 ಕೋಟಿ ಡಾಲರ್ ಹೂಡುತ್ತೇವೆ ಅಂತ ಕೊರಿಯಾ ಒಪ್ಪಿಕೊಂಡಿತ್ತು. ಕೆಲವೇ ವಾರಗಳಲ್ಲಿ, 2025ರ ಸೆಪ್ಟೆಂಬರ್ 4ರಂದು, ಎಲ್ಲಾಬೆಲ್ ಊರಿನಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ವಲಸೆ ಅಧಿಕಾರಿಗಳು ನುಗ್ಗಿದರು. 300ಕ್ಕೂ ಹೆಚ್ಚು ಕೊರಿಯನ್ನರನ್ನು ಹಿಡಿದರು. ಸೊಂಟಕ್ಕೆ, ಕಾಲಿಗೆ ಸರಪಳಿ ಹಾಕಿ ಕರೆದೊಯ್ದ ವಿಡಿಯೋವನ್ನು ಅಧಿಕಾರಿಗಳೇ ಬಿಡುಗಡೆ ಮಾಡಿದರು. ಯಂತ್ರ ಜೋಡಿಸಲು ಬಂದ ತಂತ್ರಜ್ಞರು ಅವರಲ್ಲಿ ಬಹಳ ಜನ. ಕೊರಿಯಾ ವಿಶೇಷ ವಿಮಾನ ಕಳಿಸಿ ಕರೆಸಿಕೊಂಡಿತು. ಹೂಡಿಕೆ ಬೇಕು, ಹೂಡಿಕೆಯ ಜೊತೆ ಬರುವ ಜನ ಬೇಡ. ಅದೇ ತಿಂಗಳು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದಾಗ ಬೆಂಗಳೂರಿನ ಐಟಿ ಕಂಪನಿಗಳಿಗೂ ಇದೇ ಗೊಂದಲದ ಬಿಸಿ ತಟ್ಟಿತು.

ಚೀನಾ ವಿಷಯದಲ್ಲಾದರೂ ಎಲ್ಲರೂ ಒಂದೇ ದನಿಯಾ?

ಅಲ್ಲ. ಅತಿ ಸೂಕ್ಷ್ಮ ಚಿಪ್ ಮಾಡುವ ಇಯುವಿ ಯಂತ್ರವನ್ನು ಕಟ್ಟಬಲ್ಲ ಕಂಪನಿ ಜಗತ್ತಿನಲ್ಲಿ ಒಂದೇ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಅದನ್ನು ಚೀನಾಕ್ಕೆ ಮಾರಬೇಡಿ ಅಂತ ಅಮೆರಿಕ ಒತ್ತಡ ಹಾಕಿತು, ನೆದರ್ಲೆಂಡ್ಸ್ ಒಪ್ಪಿತು. ನಷ್ಟ ಆದದ್ದು ಡಚ್ ಕಂಪನಿಗೆ. ಅಮೆರಿಕದ ಸುಂಕಕ್ಕೆ ತಿರುಗೇಟಾಗಿ 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಖನಿಜಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅದರ ಪೆಟ್ಟು ಅಮೆರಿಕಕ್ಕಷ್ಟೇ ಬೀಳಲಿಲ್ಲ. ಯುರೋಪ್, ಜಪಾನ್, ಭಾರತದ ವಾಹನ ಕಂಪನಿಗಳೂ ಮೋಟಾರಿನ ಆಯಸ್ಕಾಂತಕ್ಕೆ ಪರದಾಡಿದವು.

ಒಬ್ಬ ಸದಸ್ಯ ತಕರಾರು ಮಾಡಿದರೆ ನ್ಯಾಟೋ ಏನು ಮಾಡುತ್ತದೆ?

ಕಾಯುತ್ತದೆ. ಅಲ್ಲಿ ಮತ ಹಾಕುವ ಪದ್ಧತಿ ಇಲ್ಲ, ಎಲ್ಲರೂ ಒಪ್ಪಬೇಕು. ಸ್ವೀಡನ್ ಅರ್ಜಿ ಹಾಕಿದ್ದು 2022ರ ಮೇನಲ್ಲಿ. ಟರ್ಕಿ ಮತ್ತು ಹಂಗೇರಿ ತಮ್ಮ ತಮ್ಮ ಲೆಕ್ಕ ಚುಕ್ತಾ ಮಾಡಿಕೊಳ್ಳುವವರೆಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಸದಸ್ಯರನ್ನು ಹೊರಗೆ ಹಾಕುವ ವಿಧಿಯೂ ಒಪ್ಪಂದದಲ್ಲಿಲ್ಲ. ಟರ್ಕಿ 2019ರಲ್ಲಿ ರಷ್ಯಾದ ಎಸ್-400 ಕ್ಷಿಪಣಿ ರಕ್ಷಣಾ ವ್ಯವಸ್ಥೆ ತರಿಸಿದಾಗ ಅಮೆರಿಕ ಅದನ್ನು ಎಫ್-35 ಯೋಜನೆಯಿಂದ ಕಿತ್ತುಹಾಕಿತು, ಮರುವರ್ಷ ನಿರ್ಬಂಧವನ್ನೂ ಹೇರಿತು. ಭಾರತವೂ ಅದೇ ಎಸ್-400 ಕೊಂಡಿತು, ನಿರ್ಬಂಧ ಬೀಳಲಿಲ್ಲ. ಅಂಕಾರಾದಲ್ಲಿ ಇದನ್ನು ಯಾರೂ ಮರೆತಿಲ್ಲ.

ಅಮೆರಿಕದ ಅಧ್ಯಕ್ಷರು ಮನಸ್ಸು ಮಾಡಿದರೆ ನ್ಯಾಟೋ ಬಿಡಬಹುದಾ?

ಕಾನೂನಿನ ಪ್ರಕಾರ ಒಬ್ಬರೇ ಬಿಡುವಂತಿಲ್ಲ. 2023ರ ಕೊನೆಗೆ ಬಂದ ಕಾನೂನಿನಂತೆ ಸೆನೆಟ್ಟಿನ ಮೂರನೇ ಎರಡು ಭಾಗದ ಒಪ್ಪಿಗೆ ಅಥವಾ ಕಾಂಗ್ರೆಸ್ಸಿನ ಶಾಸನ ಬೇಕು. ಅದನ್ನು ತಂದ ಇಬ್ಬರಲ್ಲಿ ಒಬ್ಬರು ಮಾರ್ಕೊ ರೂಬಿಯೋ. ಟ್ರಂಪ್ ಎರಡನೇ ಸಲ ಗೆದ್ದಾಗ ವಿದೇಶಾಂಗ ಸಚಿವರಾದವರು ಅವರೇ. ಇನ್ನೊಂದು ತಮಾಷೆ. 13ನೇ ವಿಧಿ ಪ್ರಕಾರ ಬಿಡುವವರು ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕು. ಯಾರಿಗೆ? ಅಮೆರಿಕ ಸರ್ಕಾರಕ್ಕೆ.

ಬಿಡದೆಯೂ ಬಿಟ್ಟಂತೆ ಮಾಡಬಹುದು ಅನ್ನುವುದು ಬೇರೆ ಮಾತು. ರಾಯಭಾರಿ ಕಳಿಸದೆ, ಸೈನಿಕರನ್ನು ಕಮ್ಮಿ ಮಾಡುತ್ತಾ, ‘ನೋಡೋಣ’ ಅನ್ನುತ್ತಾ ಇದ್ದರೆ ಕಾನೂನು ತಡೆಯುವುದಿಲ್ಲ. ಇದೇ ಭಯಕ್ಕೆ ಕಾಂಗ್ರೆಸ್ 2025ರ ಕೊನೆಯಲ್ಲಿ, ಯುರೋಪಿನಲ್ಲಿರುವ ಸೈನಿಕರ ಸಂಖ್ಯೆಯನ್ನು 76 ಸಾವಿರಕ್ಕಿಂತ ಇಳಿಸಿ ಇಟ್ಟುಕೊಳ್ಳಲು ಷರತ್ತು ಹಾಕಿತು.

ಭಾರತ ಯಾಕೆ ಈ ಕೂಟಕ್ಕೆ ಸೇರುವುದಿಲ್ಲ?

ಯಾರ ಯುದ್ಧಕ್ಕೂ ಮುಂಚಿತವಾಗಿ ಮಾತು ಕೊಡಬಾರದು ಅನ್ನುವುದು ದೆಹಲಿಯ ಹಳೆಯ ನಿಲುವು, ಪಕ್ಷ ಯಾವುದೇ ಇರಲಿ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಕ್ವಾಡ್ ಗುಂಪಿನಲ್ಲಿ ಕೂರುತ್ತದೆ, 2016ರಿಂದ ಅಮೆರಿಕದ ‘ಪ್ರಮುಖ ರಕ್ಷಣಾ ಪಾಲುದಾರ’. ರಷ್ಯಾದ ತೈಲವನ್ನೂ ಕೊಳ್ಳುತ್ತದೆ. ಅದಕ್ಕೆ 2025ರ ಆಗಸ್ಟ್‌ನಲ್ಲಿ ಇನ್ನೂ ಶೇ 25 ಸುಂಕದ ಬರೆಯೂ ಬಿದ್ದು, ಒಟ್ಟು ಶೇ 50 ಆಯಿತು. ಆದರೆ ಲಿಖಿತ ಒಪ್ಪಂದ ಇರುವ ಜಪಾನ್, ಕೊರಿಯಾ, ಜರ್ಮನಿಗೂ ಸುಂಕ ತಪ್ಪಲಿಲ್ಲವಲ್ಲ. ಸೇರಿದ್ದರೆ ಚೆನ್ನಾಗಿರುತ್ತಿತ್ತು ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಮುಂದೆ ಏನನ್ನು ಗಮನಿಸಬೇಕು?

ನಾಯಕರ ಭಾಷಣ ಬಿಡಿ. ಸ್ಕ್ರಾಂಟನ್ ಮತ್ತು ಐಯೋವಾದಿಂದ ತಿಂಗಳಿಗೆ ಎಷ್ಟು ಗುಂಡು ಹೊರಬೀಳುತ್ತದೆ ನೋಡಿ. ಜಲಾಂತರ್ಗಾಮಿಯ 1.2 ಅನ್ನುವ ಅಂಕಿ 2ರ ಹತ್ತಿರ ಬರುತ್ತದಾ ನೋಡಿ. ಕೆಂಟಕಿಯ ಟಿಎನ್‌ಟಿ ಕಾರ್ಖಾನೆ ಯಾವಾಗ ಶುರುವಾಗುತ್ತದೆ ನೋಡಿ. ಶೇ 5ರ ಗುರಿಯ ಪರಿಶೀಲನೆ 2029ಕ್ಕೆ ಇದೆ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಹೊಸ ಅಧ್ಯಕ್ಷರು ಬಂದಿರುತ್ತಾರೆ, ಯುರೋಪಿನಲ್ಲೂ ಹಲವು ಸರ್ಕಾರಗಳು ಬದಲಾಗಿರುತ್ತವೆ. 2025ರ ಅಂದಾಜಿನಲ್ಲಿ ಶೇ 3.5ರ ಗೆರೆ ದಾಟಿದ್ದು ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಮಾತ್ರ. ಅಮೆರಿಕ ಆ ಪಟ್ಟಿಯಲ್ಲಿ ಇರಲಿಲ್ಲ.